ಮಾವನ ಜೀಪು ಮತ್ತು ಒಂದು ಬೆರಳು

ಈಗ ಹೇಳುವುದರಲ್ಲಿ ನಡೆದದ್ದೆಷ್ಟು, ಮದುವೆಮನೆಗಳಲ್ಲಿ ಹೇಳಿ ಹೇಳಿ ನಾನೇ ಬೆಳೆಸಿದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಕೆಸರು ಕಂಡ ಕೂಡಲೇ ಜೀಪಿನಿಂದ ಇಳಿದು ನಡೆದು ಹೋಗುತ್ತಿದ್ದ ಜೀಪಿನ ಮಾಲೀಕ ಈ ಭೂಮಂಡಲದಲ್ಲಿ ನನ್ನ ಸೋದರಮಾವನೊಬ್ಬನೇ!

ಅದೇನು ಸಾಮಾನ್ಯ ಜೀಪೇ? ತೊಂಬತ್ತರ ದಶಕದ ಶುರುವಿನಲ್ಲಿ, ಕಾಲುವೆ ಕೆಲಸ ಮುಗಿಸಿ ಊರು ಬಿಡುತ್ತಿದ್ದ ಕಂಟ್ರಾಕ್ಟರನೊಬ್ಬನಿಂದ ಮಾವ ಕೊಂಡಿದ್ದ ವಿದೇಶಿ ಗಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಚರ್ಮದ ಸೀಟು, ಮೇಲೆ ಏಸಿ ಬೇರೆ. ಗುಡ್ಡ ಹತ್ತಲೆಂದೇ ಹುಟ್ಟಿದ ಆ ಪ್ರಾಣಿ ಮಾವನ ಊರಾದ ಕುಪ್ಪಗಡ್ಡೆಗೆ ಬಂದಮೇಲೆ ಟಾರು ರಸ್ತೆ ಬಿಟ್ಟು ಇಳಿದದ್ದನ್ನು ನಾನಂತೂ ಕಂಡಿಲ್ಲ. ಗದ್ದೆಯ ದಾರಿ ಬಂತೆಂದರೆ ಮಾವ ಗಾಡಿ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ಕೆಸರಿನಲ್ಲಿ ಹೊರಡುತ್ತಿದ್ದ.

"ಮಾವ, ಅದನ್ನ ಮಾಡಿರೋದೇ ಕೆಸರಲ್ಲಿ ಹೋಗೋಕೆ!" ಎಂದೆ ಒಮ್ಮೆ.

"ಗೊತ್ತು ಕಣೋ. ನಾಳೆ ಕೊಳ್ಳೋನು ಬಂದ್ರೆ ಗಾಡಿ ಅಡಿಗೆ ಬಗ್ಗಿ ನೋಡ್ತಾನೆ. ನನ್ನ ಕಾಲು ಯಾವನು ಬಗ್ಗಿ ನೋಡ್ತಾನೆ ಹೇಳು?"

ಆಗ ನಾನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ಅಂದಮೇಲೆ ಸುಮ್ಮನಿರುವುದುಂಟೇ? ಕೆಸರು ಮುಟ್ಟಲಿ ಬಿಡಲಿ, ಯಂತ್ರದ ಬೆಲೆ ವರ್ಷವರ್ಷವೂ ಇಳಿಯುತ್ತದೆ, ಇದಕ್ಕೆ ಸವಕಳಿ ಎನ್ನುತ್ತಾರೆ ಎಂದು ಜಗಲಿಯಲ್ಲಿ ಪಾಠ ಮಾಡಿದೆ. ಮಾವನ ತಲೆಗೆ ಹೋಗಲಿಲ್ಲ. ಅತ್ತೆ ಮಾತ್ರ ಒಳಗಿಂದಲೇ ಇಡೀ ಶಾಸ್ತ್ರವನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಈ ವರ್ಷ ಮಾರಿದ್ರೆ ಟಿಲ್ಲರ್ ಬರ್ತದೆ. ಬರೋ ವರ್ಷ ಪಂಪ್‌ಸೆಟ್ ಬರ್ತದೆ. ಹಿಂಗೇ ಇಟ್ಕೊಂಡಿದ್ರೆ ಕೊನೆಗೆ ಒಂದು ಕುಕ್ಕರ್ ಬರ್ತದೆ ನೋಡಿ!"

ಇಂಥ ಸ್ಪಷ್ಟ ಲೆಕ್ಕಾಚಾರವನ್ನು ನಮ್ಮ ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ.

ಮಾವ ಮಾರುವುದಿಲ್ಲ ಎಂದವನಲ್ಲ. ಗಿರಾಕಿಗಳನ್ನು ಕರೆಸುತ್ತಲೇ ಇದ್ದ. ಆದರೆ ಜೀವಮಾನವಿಡೀ ಶಿರಾಳಕೊಪ್ಪದ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿದವನು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಕೊಳ್ಳುವವನು ಮಾರುವವನ ಬೆರಳು ಹಿಡಿದು ತಿಳಿಸಬೇಕು. ಜೀಪಿಗೂ ಮಾವನದು ಅದೇ ಕಾನೂನು. ಬೆರಳಿಗೆ ಹತ್ತು ಸಾವಿರ! ಶಿವಮೊಗ್ಗದಿಂದ ಬಂದಿದ್ದ ಕೂಲಿಂಗ್ ಗ್ಲಾಸಿನ ದಲ್ಲಾಳಿಯೊಬ್ಬ, ಮಾವ ಟವೆಲ್ ಹಾಕಿ ಕೈ ಚಾಚಿದ್ದೇ ತಡ, ಹಾರಿಬಿದ್ದ.

"ಯಾಕ್ರೀ ಯಜಮಾನ್ರೇ, ಕೈ ಯಾಕೆ ಹಿಡೀತೀರಿ?"

"ನಾನೆಲ್ಲಿ ಹಿಡಿದೆ? ನೀವು ಹಿಡೀಬೇಕು!"

ಬೆರಳಿಗೆ ಒಪ್ಪಿದವರೂ ಕಾಲುಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತಿದ್ದರು. ಅತ್ತೆಗೆ ಮಂಡಿನೋವು. ಆ ಎತ್ತರದ ಗಾಡಿ ಹತ್ತಲು ಆಗುತ್ತಿರಲಿಲ್ಲ. ಮಾವ ಎತ್ತಿನಗಾಡಿಯ ಹಳೇ ಚಕ್ರದ ಕಬ್ಬಿಣದ ಪಟ್ಟಿ ಕತ್ತರಿಸಿ, ಎಡಬಾಗಿಲ ಕೆಳಗೆ ಮೆಟ್ಟಿಲೊಂದನ್ನು ವೆಲ್ಡ್ ಮಾಡಿಸಿದ್ದ. ಬೆಳ್ಳಿಬಣ್ಣದ ಗಾಡಿಗೆ ತುಕ್ಕುಬಣ್ಣದ ಮೆಟ್ಟಿಲು! ವಾರಕ್ಕೊಮ್ಮೆ ಅತ್ತೆ ಅದನ್ನು ತುಳಿದು ಹತ್ತಿ, ಏಸಿಯ ಚಳಿಗೆ ಶಾಲು ಹೊದ್ದು, ಬಳ್ಳಿಗಾವಿಯ ಅಕ್ಕನ ಮನೆಗೆ ಹೋಗಿಬರುತ್ತಿದ್ದಳು. ದಾರಿಯುದ್ದಕ್ಕೂ ಟಿಲ್ಲರಿನ ಮಾತೇ.

"ಇದನ್ನ ಕಿತ್ತು, ಬಣ್ಣ ಹೊಡೆಸಿ ಕೊಡಿ. ಒಂದು ಬೆರಳು ಜಾಸ್ತಿ" ಎನ್ನುತ್ತಿದ್ದರು ಗಿರಾಕಿಗಳು.

"ಹಂಗಾದ್ರೆ ವ್ಯಾಪಾರ ಇಲ್ಲ" ಎಂದು ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಒಂದು ಹನಿ ಕೆಸರು ಸಿಡಿದರೆ ಬೆಲೆ ಹೋಯಿತೆನ್ನುವವನು ಬಾಗಿಲಿಗೇ ಕಬ್ಬಿಣ ಬೆಸೆದನಲ್ಲ? ಅರ್ಥಶಾಸ್ತ್ರದವನಾದ ನನಗೆ ಆಗ ಅದು ಬರೀ ತಿಕ್ಕಲಾಗಿ ಕಂಡಿತ್ತು.

ದಶಕ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಅತ್ತೆ ಮೆಟ್ಟಿಲ ಮೇಲೆ ಕಾಲಿಡಲು ಹೋಗಿ, ಆಗದೆ, ಬಾಗಿಲು ಹಿಡಿದು ನಿಂತಳು. "ಸಾಕು ಕಣ್ರೀ. ಇನ್ನು ಕಾಲು ಏಳಲ್ಲ" ಎಂದಳು. ಮಾವ ಅದೇ ವಾರ ಜೀಪನ್ನು ಶಿರಾಳಕೊಪ್ಪಕ್ಕೆ ಒಯ್ದ. ನಾನೂ ಜೊತೆಗಿದ್ದೆ. ಸಂತೆಯ ದಿನವೋ ಅಲ್ಲವೋ ನೆನಪಿಲ್ಲ. ಶಿಕಾರಿಪುರದ ವ್ಯಾಪಾರಿಯೊಬ್ಬರು ತಮ್ಮ ತಾಯಿಯನ್ನೂ ಕರೆತಂದಿದ್ದರು. ಮುದುಕಿ ಮೆಟ್ಟಿಲು ತುಳಿದು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತು, "ನಮ್ಮನಿ ಕಟ್ಟಿ ಹತ್ತಿದಂಗಾತು ನೋಡಪ್ಪ" ಎಂದು ನಕ್ಕಿತು. ಇಬ್ಬರ ಕೈ ಮೇಲೆ ಟವೆಲ್ ಬಿತ್ತು. ಒಳಗೇನಾಯಿತೋ, ವ್ಯಾಪಾರಿ ಬೆಚ್ಚಿ ಮಾವನ ಮುಖ ನೋಡಿದರು. ಮೂರು ಬೆರಳಿಗೆ ಮುಗಿಯಿತು.

"ನಾಲ್ಕಾದ್ರೂ ಬರ್ತಿತ್ತು. ಮೋಸ ಹೋದ್ರಿ!" ಎಂದಳು ಮನೆಯಲ್ಲಿ ಅತ್ತೆ. ಮಾವ ಕೈಕಾಲು ತೊಳೆಯಲು ಹೋದ. ಎತ್ತಿನ ವ್ಯಾಪಾರದ ಹುಲಿ ಜೀಪಿನಲ್ಲಿ ಮೋಸಹೋದ ಕಥೆಯನ್ನು ಮುಂದೆ ನಾನು ಎಷ್ಟು ಪಂಕ್ತಿಯಲ್ಲಿ ಹೇಳಿ ನಗಿಸಿದೆನೋ!

ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ವ್ಯಾಪಾರಿ ಯಾಕೆ ಬೆಚ್ಚಿದರೆಂಬ ಅನುಮಾನ ಮಾತ್ರ ಹೋಗಲಿಲ್ಲ. ಮೊನ್ನೆ ಶಿಕಾರಿಪುರದಲ್ಲಿ ಅವರ ಮನೆ ಹುಡುಕಿಕೊಂಡು ಹೋಗಿ ಕೇಳಿಯೇಬಿಟ್ಟೆ. ಅವರಿಗೂ ವಯಸ್ಸಾಗಿದೆ, ನೆನಪು ಮಾತ್ರ ನನ್ನದಕ್ಕಿಂತ ಗಟ್ಟಿ.

"ಮೋಸ ಎಲ್ಲೈತ್ರೀ? ನಾ ನಾಲ್ಕು ಬೆರಳು ಹಿಡಿದಿದ್ದೆ. ನಿಮ್ಮ ಮಾವನೋರೇ ಒಂದನ್ನ ಮಡಚಿದ್ರು. ಆಮೇಲೆ ಕಿವ್ಯಾಗ, 'ಆ ಮೆಟ್ಲು ಮಾತ್ರ ಕೀಳಬೇಡಿ' ಅಂದ್ರು."