ಪ್ರೀತಿಗೆ ಗಡಿಯಾರ ಕಟ್ಟಿದ ಹಯವದನರು

"ಒಂದೇ ವಾರ! ಒಂದೇ ವಾರದಾಗ ಪ್ರೀತಿ ಅಂದ್ರೇನು ಅಂತ ಗ್ರಾಫ್ ಸಮೇತ ಸಾಬೀತು ಮಾಡಿ ತೋರಸ್ತೀನಿ!"

ಡಾ. ಹಯವದನರು ಹೀಗೆ ಘೋಷಿಸಿದ್ದು ಫೆಬ್ರವರಿಯ ಒಂದು ಭಾನುವಾರ ಬೆಳಗ್ಗೆ, ತರ್ರಿ ಪೋಹಾದ ತಟ್ಟೆ ಕೈಯಲ್ಲಿ ಹಿಡಿದು. ಅವಲಕ್ಕಿಯ ಮೇಲೆ ಸುರಿದ ಕಡಲೆಕಾಳಿನ ಖಾರದ ರಸ ಜುಬ್ಬಕ್ಕೆ ಇಳಿಯುತ್ತಿದ್ದುದೂ ಅವರಿಗೆ ತಿಳಿಯಲಿಲ್ಲ. ಅಷ್ಟು ಬೆರಗಾಗಿದ್ದರು!

ಬೆರಗಿಗೆ ಕಾರಣ ಮಗಳು ಅಮೂಲ್ಯಾ. ಬೆಳಗ್ಗೆಯೇ ಟಿವಿ ಮುಂದೆ ಕೂತವಳನ್ನು ಗದರಿಸಲು ಬಂದ ಹಯವದನರು, "ಇಷ್ಟ ದೊಡ್ಡಾಕಿ ಆಗಿ ಕಾರ್ಟೂನ್ ನೋಡ್ತೀಯಲ್ಲ!" ಎಂದಿದ್ದರು.

"ಕಾರ್ಟೂನ್ ಅಲ್ಲಪ್ಪಾ, ಅನಿಮೆ! ಇಬ್ರೂ ಸೈಂಟಿಸ್ಟು. ಲವ್ ಆಗೇದೋ ಇಲ್ಲೋ ಅಂತ ಪ್ರಯೋಗ ಮಾಡಿ ನೋಡ್ಲಿಕ್ಕೆ ಹತ್ಯಾರ. ಬೈಠೋ ನಾ, ಐದ ಮಿನಿಟ್!"

ಐದು ನಿಮಿಷ ಮೂರು ಕಂತಾಯಿತು. ತೆರೆಯ ಮೇಲೆ ಬಿಳಿ ಕೋಟಿನ ಜಪಾನೀ ಹುಡುಗ ಹುಡುಗಿ ಒಂದೇ ಛತ್ರಿಯಡಿ ನಿಂತು, ಒಬ್ಬರ ನಾಡಿಯನ್ನೊಬ್ಬರು ಹಿಡಿದು ಎಣಿಸುತ್ತಿದ್ದರು. ಹಯವದನರು ತೆರೆದ ಬಾಯಿ ಮುಚ್ಚದೆ ನೋಡಿದರು. ಧಾರವಾಡದಿಂದ ನಾಗಪುರಕ್ಕೆ ಬಂದು ಹತ್ತೊಂಬತ್ತು ವರ್ಷ ಅವರು ಹೊಗೆ ಅಳೆದವರು. ಕೋರಾಡಿಯ ವಿದ್ಯುತ್ ಸ್ಥಾವರದ ಕಡೆಯ ಗಾಳಿಯಲ್ಲಿ ಹತ್ತು ಲಕ್ಷದಲ್ಲೊಂದು ಪಾಲು ಏನಿದ್ದರೂ ಅವರ ಉಪಕರಣ ಹಿಡಿಯುತ್ತಿತ್ತು. ಅಂಥವರ ಕೈಗೆ ಯಃಕಶ್ಚಿತ್ ಪ್ರೀತಿ ಸಿಗದೇ ಹೋದೀತೇ?

"ನನ್ನ ಯಾಕ ಎಳೀತೀರಿ ಇದರಾಗ?" ಎಂದರು ಪತ್ನಿ ರಾಜೇಶ್ವರಿ. ಅವರೂ ವಿಜ್ಞಾನಿಯೇ, ಕಿತ್ತಳೆ ಗಿಡಗಳ ರೋಗದ ತಜ್ಞೆ.

"ಪ್ರೀತಿಗೆ ಇಬ್ಬರು ಬೇಕಲ್ಲ ರಾಜೀ!"

"ಇಪ್ಪತ್ತಾರು ವರ್ಷಕ್ಕ ನೆನಪಾತಲ್ಲ, ಪುಣ್ಯ!"

ಸಂಜೆಯೊಳಗೆ ಇಬ್ಬರ ಮಣಿಕಟ್ಟಿಗೂ ಎದೆಬಡಿತ ಎಣಿಸುವ ಗಡಿಯಾರ ಏರಿತು. ಲೆಕ್ಕ ಹಯವದನರ ಮೊಬೈಲಿನಲ್ಲಿ ಕ್ಷಣಕ್ಷಣಕ್ಕೂ ಕಾಣಬೇಕು, ಹತ್ತು ನಿಮಿಷಕ್ಕೊಮ್ಮೆ ಮನೆಯವರ ಗುಂಪಿಗೂ ಹೋಗಬೇಕು, ಬಡಿತ ನೂರಹತ್ತು ದಾಟಿದರೆ ಕೂಡಲೇ ಗಂಟೆ ಹೊಡೆದು ತಿಳಿಸಬೇಕು. "ನಾ ಮಾಡಿಕೊಡ್ಲಾ?" ಎಂದು ಅಮೂಲ್ಯಾ ಕೇಳಿದಳು. "ಉಪಗ್ರಹದ ಜೋಡಿ ಮಾತಾಡಿದ ಮನಷ್ಯಾನ ನಾನು! ಸರಿ ಆ ಕಡೆ!" ಎಂದ ಹಯವದನರು ಕನ್ನಡಕವಿಲ್ಲದೆಯೇ ಗುಂಡಿ ಒತ್ತಿಬಿಟ್ಟರು.

ನಾಲ್ಕು ದಿನ ಗ್ರಾಫ್ ಬೆಳೆಯಿತು. ಸಿದ್ಧಾಂತ ಸರಳ. ಪ್ರೀತಿಯವರನ್ನು ಕಂಡರೆ ಎದೆಬಡಿತ ಏರಬೇಕು. ಗುರುವಾರ ಸಂಜೆ ಆರೂವರೆಗೆ ಮನೆಗೆ ಬಂದವರೇ ಹಯವದನರು ಮುಖ್ಯ ಪರೀಕ್ಷೆಗೆ ಇಳಿದರು. ಬೆನ್ನ ಹಿಂದಿನಿಂದ ಸೇವಂತಿಗೆ ಮಾಲೆ ತೆಗೆದು, ಮದುವೆಯಲ್ಲೂ ಬೀರದ ನಗೆ ಬೀರಿ, ಹೆಂಡತಿಯ ಮುಂದೆ ಹಿಡಿದರು.

ರಾಜೇಶ್ವರಿ ಹೂವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇದಕ್ಕ ಬೂಜು ಹತ್ತೇದ. ಎಲ್ಲಿ ತಂದ್ರಿ?"

ಹಯವದನರು ಮೊಬೈಲು ನೋಡಿದರು. ಎಪ್ಪತ್ನಾಲ್ಕು ಇದ್ದದ್ದು ಎಪ್ಪತ್ತೈದು! ಇಪ್ಪತ್ತಾರು ವರ್ಷದ ದಾಂಪತ್ಯಕ್ಕೆ ಒಂದೇ ಒಂದು ಬಡಿತ!

ಅಷ್ಟರಲ್ಲಿ ಅಡುಗೆಮನೆಯಿಂದ, ಕಡಲೆಹಿಟ್ಟಿನ ವಡಿ ಮುಳುಗಿದ ಪಾಟವಡಿ ರಸ್ಸಾದ ಮಸಾಲೆ ಘಮ್ಮೆಂದಿತು. ಹಯವದನರ ಬಡಿತವೇ ತೊಂಬತ್ತೆಂಟಕ್ಕೆ ಜಿಗಿಯಿತು. ಅಮೂಲ್ಯಾ ಹೊಟ್ಟೆ ಹಿಡಿದು ನಕ್ಕಳು. "ಅಪ್ಪಾ, ನಿಮ್ಮ ಲವ್ ಪಕ್ಕಾ ಆತು! ರಸ್ಸಾದ ಜೋಡಿ!"

ಆಗಲೇ ರಾಜೇಶ್ವರಿಗೆ ತೋಟದಿಂದ ಫೋನು. ಮೂರು ವರ್ಷದಿಂದ ಕಾಯುತ್ತಿದ್ದ ಕಸಿ ಗಿಡ ಮೊದಲ ಹೂ ಬಿಟ್ಟಿತ್ತು. "ಖರೇನ?" ಎಂದು ಅವರು ಕುಣಿದೇಬಿಟ್ಟರು. ಮೊಬೈಲು ಗಂಟೆ ಹೊಡೆಯಿತು. ನೂರಾ ಹದಿನೆಂಟು!

"ನನಗ ಒಂದು, ಕಿತ್ತಳಿ ಗಿಡಕ್ಕ ನಲವತ್ಮೂರು!" ಎಂದು ಹಯವದನರು ಸೋಫಾದಲ್ಲಿ ಕುಸಿದರು.

ಕೂತು ಎರಡು ನಿಮಿಷವಾಗಿಲ್ಲ, ಬಾಗಿಲು ದಬದಬ ಬಡಿಯಿತು. ಮೂರನೇ ಮಹಡಿಯ ರಾಗಿಣಿ ಕಾಕು, ಕೈಯಲ್ಲಿ ಗ್ಲೂಕೋಸ್ ಡಬ್ಬಿ, ಹಿಂದೆ ಮೆಟ್ಟಿಲು ತುಂಬ ಜನ. "ಅಗ ರಾಜೇಶ್ವರಿ! ಏಕಶೇ ಅಠರಾ! ಕಾಯ ಝಾಲಂ?" ಏನಾಯಿತೋ ಎಂದು ಗಾಬರಿ.

ನೂರಾ ಹದಿನೆಂಟು ಇವರಿಗೆ ಹೇಗೆ ಗೊತ್ತು? ಅಮೂಲ್ಯಾ ಅಪ್ಪನ ಮೊಬೈಲು ಕಿತ್ತುಕೊಂಡು ನೋಡಿದಳು. "ಅಪ್ಪಾ! 'ನಮ್ಮ ಮನಿ' ಗ್ರೂಪ್ ಒತ್ತೋ ಬದಲಿ 'ನವಯುಗ ಸೊಸೈಟಿ' ಒತ್ತೀರಿ! ಅರವತ್ತನಾಲ್ಕ ಮನಿಗೆ ಹೋಗೇದ!"

ಸೊಸೈಟಿಯ ಗುಂಪಿನಲ್ಲಿ ಮನೆಗೊಬ್ಬರೇ ಸದಸ್ಯರು. ಈ ಮನೆಯಿಂದ ಹಯವದನರು. ಶುಭೋದಯದ ಚಿತ್ರಗಳ ಕಾಟಕ್ಕೆ ಅವರು ಅದರ ಬಾಯಿ ಮುಚ್ಚಿಸಿ ವರ್ಷವಾಗಿತ್ತು. ರಾಜೇಶ್ವರಿ ಗಂಡನನ್ನು ನೋಡಿದ ನೋಟಕ್ಕೆ ಹಯವದನರ ಬಡಿತಕ್ಕೂ ಗಂಟೆ ಹೊಡೆಯಿತು!

ರಾಗಿಣಿ ಕಾಕು ಮಾತ್ರ ನಗಲಿಲ್ಲ. ಹಯವದನರ ಪಕ್ಕದಲ್ಲಿ ಕೂತು, ತಮ್ಮ ಮೊಬೈಲು ತೆರೆದು, ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. "ಡಾಕ್ಟರ್ ಸಾಹೇಬ, ನಾವೆಲ್ಲ ದಿನಾ ಸಂಜೆ ಇದನ್ನೇ ನೋಡುತ್ತೇವೆ. ಆರು ಗಂಟೆಗೆ ಇವಳ ಗೆರೆ ಏರಲು ಶುರು. ತೊಂಬತ್ತರ ತನಕ ಏರುತ್ತದೆ. ನಿಮ್ಮ ಸ್ಕೂಟರ್ ಗೇಟಿನೊಳಗೆ ಬಂದ ಕೂಡಲೇ ಎಪ್ಪತ್ತಕ್ಕೆ ಇಳಿಯುತ್ತದೆ. ನಿನ್ನೆ ನೀವು ಒಂದು ತಾಸು ತಡ ಮಾಡಿದಿರಲ್ಲ, ನೋಡಿ, ನೂರಾ ನಾಲ್ಕು! ಅದು ಇಳಿಯುವ ತನಕ ನಮಗ್ಯಾರಿಗೂ ಊಟ ಸೇರಲಿಲ್ಲ."

ಹಯವದನರು ಕನ್ನಡಕ ಹಾಕಿಕೊಂಡರು. ಆ ಗೆರೆಗಳು ಅವರ ಬಳಿಯೂ ಇದ್ದವು. 'ಒಲೆಯ ಕಾವು' ಎಂದು ಷರಾ ಬರೆದು ಬದಿಗಿಟ್ಟಿದ್ದರು! ಅವರು ಹುಡುಕಿದ್ದು ಏರಿಕೆಯನ್ನು, ಉತ್ತರ ಇದ್ದದ್ದು ಇಳಿಕೆಯಲ್ಲಿ. ನಾಲ್ಕು ಸಂಜೆ, ನಾಲ್ಕು ದಿಬ್ಬ, ಪ್ರತಿಯೊಂದರ ಕೊನೆಗೂ ತಾವು ಗೇಟು ದಾಟಿದ ಕ್ಷಣ. ನಾಲ್ಕೇ ದಿನವೇ? ಗಡಿಯಾರ ಕಟ್ಟುವ ಮೊದಲಿನ ಸಾವಿರಾರು ಸಂಜೆಗಳನ್ನು ಎಣಿಸಿದವರು ಯಾರು?

"ರಾಜೀ... ನೀ ದಿನಾ ಹಿಂಗ ಕಾಯ್ತಿರ್ತೀಯೇನ?"

"ಗಾಡಿಗೆ ಬ್ರೇಕ್ ಬರೋಬರ್ ಇಲ್ಲ ಅಂತ ವರ್ಷಾತು ಹೇಳ್ಲಿಕ್ಕೆ ಹತ್ತಿ. ಕೇಳ್ತೀರೇನು?" ಎಂದ ರಾಜೇಶ್ವರಿ, ಬಂದವರಿಗೆಲ್ಲ ಚಹಾ ಇಡಲು ಒಳಗೆ ಹೋದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಮರುದಿನ ಬೆಳಗ್ಗೆಯೇ ಸ್ಕೂಟರಿನ ಬ್ರೇಕು ಸರಿಹೋಯಿತು. ಗಡಿಯಾರಗಳು ಡಬ್ಬಿ ಸೇರಿದವು. ಹಯವದನರು ಮನಸ್ಸಿನಲ್ಲೇ ನಿರ್ಧರಿಸಿದರು: ಇನ್ನು ದಿನಾ ಹೊರಡುವ ಮುಂಚೆ ಒಂದು ಫೋನು. ಆ ದಿಬ್ಬವನ್ನು ಅವಳು ಮತ್ತೆಂದೂ ಹತ್ತಬಾರದು!

ಸಂಜೆ ಆರಕ್ಕೆ ಸರಿಯಾಗಿ, ಕೋರಾಡಿ ರಸ್ತೆಯ ಬದಿಯಲ್ಲಿ ನಿಂತು ಫೋನು ಹಚ್ಚಿದರು. ದನಿಯಲ್ಲಿ ಎಲ್ಲಿಲ್ಲದ ಮೃದುತ್ವ. "ರಾಜೀ... ನಾನು. ಸುಮ್ಮನ ಮಾಡಿದೆ."

ಆ ಕಡೆ ಏನೋ ಪಾತ್ರೆ ಢಣ್ಣೆಂದು ಬಿತ್ತು.

"ಸುಮ್ಮನ? ಇಪ್ಪತ್ತಾರು ವರ್ಷದಾಗ ಒಂದ ದಿನ ಸುಮ್ಮನ ಫೋನ್ ಮಾಡಿದವರಲ್ಲ ನೀವು! ಖರೇ ಹೇಳ್ರಿ, ಯಾವ ದವಾಖಾನ್ಯಾಗ ಅದೀರಿ?"