ಬೋರ್ಡಿಗೇರಿದ ಅತ್ತೆ

ಎಬೋ ಡಾಡ್ಜೀ ಮಾಡಿದ ತಪ್ಪು ಇಷ್ಟೇ: ಅತ್ತೆಯ ಫೋಟೋ ತೆಗೆಯುವ ಮುನ್ನ ಅತ್ತೆಯನ್ನು ಕೇಳಲಿಲ್ಲ.

ಅನ್ಸಾಕ್ರೊಮ್ ಊರಿನ ಪ್ರವಾಸೋದ್ಯಮ ಕಚೇರಿಗೆ ಅವನೊಬ್ಬನೇ ನೌಕರ, ಅದೂ ಹನ್ನೆರಡು ವರ್ಷಗಳಿಂದ ಹಂಗಾಮಿ. ಕೇಪ್ ಕೋಸ್ಟಿನವರಿಗೆ ಕೋಟೆಯಿದೆ, ಕಾಕುಮ್‌ನವರಿಗೆ ಕಾಡಿನ ಮೇಲೆ ತೂಗುಸೇತುವೆಯಿದೆ. ಅನ್ಸಾಕ್ರೊಮ್‌ನಲ್ಲಿ ಇರುವುದು ಸಮುದ್ರ, ಹೊಗೆ ಮತ್ತು ಅತ್ತೆ. "ರಸ್ತೆ ಬೋರ್ಡಿಗೆ ನಿಮ್ಮೂರಿನ ಪರಂಪರೆ ತೋರಿಸೋ ಒಂದು ಚಿತ್ರ ಕಳಿಸಿ. ಬೋರ್ಡು ಚೆನ್ನಾಗಿ ಬಂದರೆ ನಿಮ್ಮ ಕೆಲಸ ಕಾಯಂ" ಎಂದು ರಾಜಧಾನಿ ಅಕ್ರಾದ ನಿರ್ದೇಶಕಿ ಮಿಸೆಸ್ ಲಾರ್ಟೆ ಹೇಳಿದಾಗ, ಎಬೋ ಹೆಚ್ಚು ಯೋಚಿಸಲಿಲ್ಲ. ಅತ್ತೆ ಎಕುವಾ ತಾವಿಯಾ ಮಣ್ಣಿನ ಒಲೆಗಳ ಮೇಲೆ ಮೀನನ್ನು ಹೊಗೆಗಿಟ್ಟು, ಸೌದೆ ತಂದವನನ್ನು ಬೈಯುತ್ತಿದ್ದಳು. ಬೇಲಿಯ ಮರೆಯಿಂದ ಕ್ಲಿಕ್ಕಿಸಿ ಕಳಿಸಿಬಿಟ್ಟ. ಆರು ತಿಂಗಳು ಸದ್ದಿಲ್ಲದ ಕಾರಣ ಮರೆತೂಬಿಟ್ಟ.

ಒಂದು ದಿನ ಬೆಳಿಗ್ಗೆ ಲಾರಿಯಲ್ಲಿ ಬೋರ್ಡು ಬಂದಿಳಿಯಿತು. ಟ್ರೊ-ಟ್ರೊ ವ್ಯಾನುಗಳು ನಿಲ್ಲುವ ಕೂಡುರಸ್ತೆಯಲ್ಲಿ ಅದನ್ನು ನೆಟ್ಟರು. ಎರಡಾಳೆತ್ತರದ ಅತ್ತೆ! ತಲೆಗೆ ಮಸಿಬಟ್ಟೆ, ಸೊಂಟಕ್ಕೆ ಮೀನೆಣ್ಣೆಯ ಕಲೆಯ ಹರಕು ಬಟ್ಟೆ, ಒಂದು ದೋಣಿ ಸಲೀಸಾಗಿ ಒಳಹೋಗುವಷ್ಟು ತೆರೆದ ಬಾಯಿ. ಕೆಳಗೆ ಕೆಂಪಕ್ಷರದಲ್ಲಿ, 'ಬನ್ನಿ, ನಮ್ಮ ಪರಂಪರೆ ನಿಮ್ಮನ್ನು ಕರೆಯುತ್ತಿದೆ.'

ಮಧ್ಯಾಹ್ನ ಮೂರಕ್ಕೆ ನಿರ್ದೇಶಕಿಯೇ ಬಂದು ಉದ್ಘಾಟಿಸುವವರಿದ್ದರು. ಸಾಲದ್ದಕ್ಕೆ ಅಂದು ಮಂಗಳವಾರ. ಕಡಲಿಗೆ ಬಿಡುವಿನ ದಿನವೆಂದು ಮಂಗಳವಾರ ಯಾರೂ ನೀರಿಗಿಳಿಯುವುದಿಲ್ಲ. ಇಡೀ ಊರು ಕೈಕಟ್ಟಿಕೊಂಡು ಬೋರ್ಡಿನ ಕೆಳಗೆ ಬಂದು ನಿಂತಿತು.

ಮೊದಲು ಹೆಂಡತಿ ಅರಾಬಾಳ ಫೋನು ಬಂತು. "ಅಮ್ಮ ಅಲ್ಲಿಗೇ ಬರ್ತಿದ್ದಾಳೆ ಕಣ್ರೀ. ಹಿಂದಿನ ಬಾಗಿಲಿಂದ ಓಡಿ!"

"ಆಫೀಸಿಗೆ ಹಿಂದಿನ ಬಾಗಿಲೇ ಇಲ್ಲ ಕಣೇ."

ಇದ್ದ ಒಂದೇ ಬಾಗಿಲಲ್ಲಿ ಅಷ್ಟರಲ್ಲೇ ಅತ್ತೆ ನಿಂತಿದ್ದಳು. "ಏನಯ್ಯಾ ಎಬೋ, ನನ್ ಹತ್ರ ನಾಲ್ಕು ಪೆಟ್ಟಿಗೆ ತುಂಬಾ ಬಟ್ಟೆ ಇದೆ. ಚರ್ಚಿಗೆ ಒಂದು, ಸಾವಿಗೆ ಒಂದು, ಮದುವೆಗೆ ಒಂದು, ಹಬ್ಬಕ್ಕೆ ಒಂದು. ಅದೆಲ್ಲ ಬಿಟ್ಟು ಮೀನು ಬಟ್ಟೇಲೇ ನನ್ನ ಲೋಕಕ್ಕೆ ತೋರಿಸ್ಬೇಕಿತ್ತಾ?"

"ಅತ್ತೆ, ಅದು ಸಹಜವಾಗಿದೆ ಅಂತ..."

"ಸಹಜ! ಒಳಗಿನ ಹಲ್ಲು ಬಿದ್ದಿರೋದೂ ಕಾಣ್ತಿದೆ! ಹೊಸ ಫೋಟೋ ತೆಗೆಯೋ ತನಕ ನನ್ ಮುಖ ಯಾರೂ ನೋಡಬಾರದು."

ಅಳಿಯನ ಉತ್ತರಕ್ಕೂ ಕಾಯದೆ ಅವಳು ಎರಡು ದುಪ್ಪಟಿ ತರಿಸಿ, ಬೋರ್ಡಿಗೆ ಏಣಿ ಹಾಕಿಸಿ, ಅಲ್ಲಿನ ತನ್ನ ಮುಖದ ಮೇಲೆ ಇಳಿಬಿಡಿಸಿದಳು. ಪಕ್ಕದಲ್ಲೇ ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮಾರುವ ಎಸಿ ಮನ್ಸಾ ಸೌಟು ಹಿಡಿದು ಎದ್ದು ಬಂದಳು. "ಅವಳ ಮೀನು ಪರಂಪರೆಯಾದ್ರೆ ನನ್ ಕೆಂಕೆ ಏನು, ಕಸವಾ? ಅದನ್ನ ಯಾತರ ಜೊತೆ ತಿಂತೀರಿ ನೀವೆಲ್ಲ?" ಜನ ಎರಡು ಪಂಗಡವಾಯಿತು. ನಡುವೆ ಸಿಕ್ಕ ಎಬೋ ಮರಗೆಣಸಿನ ಫುಫು ಕುಟ್ಟುವ ಒರಳಿಗೆ ಕೈಯಿಟ್ಟವನಂತಾದ.

ಈ ಗಲಾಟೆಯಲ್ಲೂ ಒಬ್ಬರು ಮಾತ್ರ ಬೋರ್ಡನ್ನೇ ನೋಡುತ್ತಿದ್ದರು. ನಿವೃತ್ತ ಶಿಕ್ಷಕ ಬೆಂಟ್ಸಿಲ್ ಮೇಷ್ಟ್ರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದರು, ಮತ್ತೆ ಒರೆಸಿದರು. ಊರಲ್ಲಿ ಒಬ್ಬರಾದರೂ ರಸಿಕರಿದ್ದಾರಲ್ಲ ಎಂದು ಎಬೋ ಹಿಗ್ಗಿ ಹತ್ತಿರ ಹೋದ.

"ಹೇಗಿದೆ ಮೇಷ್ಟ್ರೇ?"

ಮೇಷ್ಟ್ರು ಊರುಗೋಲೆತ್ತಿ ದುಪ್ಪಟಿ ಮುಚ್ಚದ ಮೂಲೆಯೊಂದನ್ನು ತೋರಿಸಿದರು. ಒಲೆಯ ಹಿಂದೆ, ಗೂಟಕ್ಕೆ ಕಟ್ಟಿದ ಕರಿ ಮೇಕೆಯೊಂದು ಮರಗೆಣಸಿನ ಸಿಪ್ಪೆ ಮೆಲ್ಲುತ್ತಿತ್ತು. ಒಂದು ಕಿವಿ ಮಾತ್ರ ಬಿಳಿ.

"ಈಸ್ಟರ್‌ಗೆ ಮುಂಚೆ ಕಳೆದುಹೋದ ನನ್ನ ಮೇಕೆ!" ಎಂದು ತರಗತಿಗೆ ಕೇಳಿಸುವಂತೆ ಕೂಗಿದರು. "ಕಳ್ಳಿ, ಕದ್ದ ಮಾಲು, ಎರಡೂ ಒಂದೇ ಚಿತ್ರದಲ್ಲಿ! ಮೇಲೆ ಸರ್ಕಾರದ ಮುದ್ರೆ ಬೇರೆ!"

ದುಪ್ಪಟಿ, ಕೆಂಕೆ ಎಲ್ಲ ಹಿಂದಾಯಿತು. ಫೋಟೋ ತೆಗೆದವನೇ ಸಾಕ್ಷಿ ಎಂದು ಜನ ಎಬೋನ ಎರಡೂ ರಟ್ಟೆ ಹಿಡಿದು ಊರಿನ ಹಿರಿಯ ನಾನಾ ಅಮಿಸ್ಸಾರ ಅಂಗಳಕ್ಕೆ ನಡೆಸಿದರು. "ಮೂರು ಗಂಟೆಗೆ ನಿರ್ದೇಶಕಿ ಬರ್ತಾರೆ ಕಣ್ರಪ್ಪಾ!" ಎಂದು ಅವನು ಗೋಗರೆದ. "ಬರ್ಲಿ ಬಿಡು, ಅವರೂ ಕೂತು ಕೇಳ್ಲಿ" ಎಂದರು ಜನ.

ನಾನಾ ಅಮಿಸ್ಸಾ ಪೀಠದಲ್ಲಿ ಕೂತಿದ್ದರು. ಅವರು ನೇರವಾಗಿ ಯಾರೊಂದಿಗೂ ಮಾತಾಡುವಂತಿಲ್ಲ. ಪಕ್ಕದಲ್ಲಿ ದಂಡ ಹಿಡಿದು ನಿಂತ ವಕ್ತಾರನ ಮೂಲಕವೇ ಎಲ್ಲವೂ.

"ಮೇಕೆ ಹೇಗೆ ಬಂತು ಅಂತ ಕೇಳ್ತಾರೆ" ಎಂದ ವಕ್ತಾರ.

"ತಾನಾಗೇ ಬಂತು" ಎಂದಳು ಅತ್ತೆ.

"ತಾನಾಗೇ ಬಂದು, ತಾನಾಗೇ ಗೂಟಕ್ಕೆ ಹಗ್ಗ ಬಿಗ್ಕೊಂತೋ?" ಎಂದರು ಮೇಷ್ಟ್ರು.

"ಹನ್ನೊಂದು ದಿನ ಸಾಕ್ದೆ. ಯಾರದ್ದು ಅಂತ ಚರ್ಚಿನಲ್ಲೂ ಕೇಳ್ದೆ. ಆ ಭಾನುವಾರ ನೀವು ನಿದ್ದೆ ಹೊಡೀತಿದ್ರಿ."

"ಈಗೆಲ್ಲಿದೆ ಅಂತ ಕೇಳ್ತಾರೆ."

ಅತ್ತೆ ಸೆರಗಿನ ತುದಿ ನೋಡಿಕೊಂಡಳು. "ಮೊಮ್ಮಗಳ ನಾಮಕರಣಕ್ಕೆ ಅಳಿಯನ ಮನೆಗೆ ಉಡುಗೊರೆ ಕೊಟ್ಟೆ."

ಅಂಗಳದ ಕಣ್ಣುಗಳೆಲ್ಲ ಎಬೋನ ಕಡೆ ತಿರುಗಿದವು. ಅವನು ಅತ್ತೆಯನ್ನು ನೋಡಿದ. "ಅತ್ತೆ! ಮಂಕೆಸಿಮ್ ಸಂತೇಲಿ ಕೊಂಡೆ ಅಂದಿದ್ರಲ್ಲಾ!"

"ನೆಂಟರ ಮುಂದೆ ಇನ್ನೇನು ಹೇಳ್ಲಿ?"

ನಾನಾ ಅಮಿಸ್ಸಾ ಕೆಮ್ಮಿದರು. ವಕ್ತಾರನ ಕಿವಿಯಲ್ಲಿ ಏನೋ ಹೇಳಿದರು. ವಕ್ತಾರನೂ ಕೆಮ್ಮಿದ. "ಅವತ್ತಿನ ಸಾರಿಗೆ ಶುಂಠಿ ಚೆನ್ನಾಗಿ ಹಿಡಿದಿತ್ತು ಅಂತಾರೆ."

ಜನರೆಲ್ಲ ನೆಲ ನೋಡತೊಡಗಿದರು. ನಾಮಕರಣಕ್ಕೆ ಬಾರದವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ.

"ಮೇಷ್ಟ್ರು ಮೂರು ಬಟ್ಟಲು ಕುಡಿದ್ರು," ಅತ್ತೆ ಬಿಡಲಿಲ್ಲ. "ಸಾಲ್ದು ಅಂತ ತಲೆ ಕೇಳಿ ಡಬ್ಬೀಲಿ ಮನೆಗೂ ಒಯ್ದರು. ನಿಮ್ ಮೇಕೆ ತಲೆ ನಿಮಗೇ ಗುರುತು ಸಿಗ್ಲಿಲ್ವಾ?"

"ಕೂದಲು ಸುಟ್ಟಿದ್ರಮ್ಮಾ!" ಮೇಷ್ಟ್ರ ದನಿ ಒಡೆಯಿತು. "ಕಿವಿ ಬಿಳಿಯೋ ಕರಿಯೋ ಹೇಗೆ ತಿಳೀಬೇಕು? ಅಯ್ಯೋ, ರುಚಿಯಾಗಿತ್ತು ಬೇರೆ!"

ಬಹಳ ಹೊತ್ತು ಪಿಸುಪಿಸು ನಡೆದ ಮೇಲೆ ವಕ್ತಾರ ದಂಡ ಕುಟ್ಟಿದ. "ಊರೆಲ್ಲ ಕೂತು ತಿಂದದ್ದು ಕಳ್ಳತನ ಆಗೋದಿಲ್ಲ. ಎಕುವಾ ಉಡುಗೊರೆ ಕೊಟ್ಟಳು, ಮೇಷ್ಟ್ರು ಉಂಡರು, ನಾವೂ ಉಂಡೆವು, ಎಲ್ಲರೂ ನೆಮ್ಮದಿಯಾಗಿದ್ವಿ. ಅದನ್ನ ಎರಡಾಳೆತ್ತರ ಮಾಡಿ ರಸ್ತೆಗೆ ನಿಲ್ಲಿಸಿದ್ದು ಯಾರು? ಮೇಷ್ಟ್ರಿಗೆ ಒಂದು ಮೇಕೆ ಎಬೋ ಕೊಡತಕ್ಕದ್ದು. ಅತ್ತೆಗೆ ಬೇಕಾದ ಬಟ್ಟೇಲಿ ಹೊಸ ಫೋಟೋ ತೆಗೆಯತಕ್ಕದ್ದು."

ಎಬೋ ಬಾಯಿ ತೆರೆಯುವಷ್ಟರಲ್ಲಿ ಕೂಡುರಸ್ತೆಯ ಕಡೆಯಿಂದ ಕಾರಿನ ಹಾರನ್ ಕೇಳಿಸಿತು. ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಹಿಂದಿನಿಂದ ಇಡೀ ನ್ಯಾಯಸಭೆ ಓಡಿ ಬಂತು.

ಮಿಸೆಸ್ ಲಾರ್ಟೆ ಆಗಲೇ ಬೋರ್ಡಿನ ಮುಂದೆ ನಿಂತಿದ್ದರು. ಇಳಿಬಿದ್ದ ದುಪ್ಪಟಿ ಉದ್ಘಾಟನೆಗೆಂದೇ ಕಟ್ಟಿದ್ದೆಂದು ಭಾವಿಸಿ ನಗುತ್ತ ಎಳೆದೇಬಿಟ್ಟರು. ಅತ್ತೆಯ ತೆರೆದ ಬಾಯಿ ಮತ್ತೆ ಊರಿಗೆ ಪ್ರಕಟವಾಯಿತು.

"ಅದ್ಭುತ!" ಎಂದರು ನಿರ್ದೇಶಕಿ. "ಇದರಲ್ಲಿ ಒಂದು ಕೂದಲೂ ಬದಲಾಗಬಾರದು. ಶುಕ್ರವಾರ ಮೂವತ್ತು ಜನ ವಿದೇಶಿ ಪ್ರವಾಸಿಗರನ್ನ ಕಳಿಸ್ತೀನಿ. ಅವರಿಗೆ ಬೋರ್ಡಿನಲ್ಲಿರೋದೇ ಕಣ್ಣಾರೆ ಕಾಣಬೇಕು. ಇದೇ ಅಮ್ಮ, ಇದೇ ಬಟ್ಟೆ, ಇದೇ ಬಿಳಿ ಕಿವಿಯ ಮೇಕೆ. ಅದಾದ್ರೆ ನಿಮ್ಮ ಕಾಯಂ ಆರ್ಡರಿಗೆ ಸಹಿ ಹಾಕ್ತೀನಿ. ಮೇಕೆ ಇದೆ ತಾನೇ ಎಬೋ?"

ಎಬೋ ನಿಜ ಹೇಳಿಬಿಡೋಣ ಎಂದು ಉಸಿರೆಳೆದುಕೊಂಡ. ನಾನಾ ಅಮಿಸ್ಸಾ ಆಕಾಶ ನೋಡಿದರು. ಅತ್ತೆ ಮುಂದೆ ಬಂದು ಕೈಜೋಡಿಸಿದಳು.

"ಇಲ್ದೆ ಏನು ಮೇಡಂ. ನಮ್ ಅಳಿಯನ ಮನೇಲೇ ಇದೆ."

"ಶಭಾಷ್! ಚೆನ್ನಾಗಿ ಮೇಯಿಸಿ" ಎಂದು ನಿರ್ದೇಶಕಿ ಕಾರು ಹತ್ತಿದರು.

ಕಾರಿನ ಧೂಳು ಇಳಿಯುವ ಮೊದಲೇ ಬೆಂಟ್ಸಿಲ್ ಮೇಷ್ಟ್ರು ಎಬೋನ ಹೆಗಲ ಮೇಲೆ ಕೈಯಿಟ್ಟು ಲೆಕ್ಕ ಬಿಡಿಸಿದರು.

"ಹಾಗಾದ್ರೆ ಎರಡು ಮೇಕೆ ಆಯ್ತು ನೋಡಪ್ಪಾ. ಸರ್ಕಾರಕ್ಕೊಂದು, ನನಗೊಂದು."