ಹೊಳೆ ಬಂದರೆ ನಾವು ತಯಾರು

ದೇವರು ಕೆಲವರಿಗೆ ರೂಪ ಕೊಡುತ್ತಾನೆ, ಕೆಲವರಿಗೆ ಕಂಠ ಕೊಡುತ್ತಾನೆ. ನನಗೆ ಕೊಟ್ಟದ್ದು ಹೆದರಿಕೆ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಕುಕ್ಕರ್ ಸೀಟಿ ಹಾಕುವುದು ಸ್ವಲ್ಪ ತಡವಾದರೆ ನಾನು ಅಡುಗೆಮನೆಯ ಬಾಗಿಲಾಚೆ ನಿಂತಿರುತ್ತೇನೆ. ಗುಡುಗಿದರೆ ಟಿವಿಯ ವೈರು, ಫ್ರಿಜ್ಜಿನ ವೈರು, ಕೊನೆಗೆ ನಮ್ಮೆಜಮಾನರ ಮೊಬೈಲಿನ ಚಾರ್ಜರು, ಎಲ್ಲವನ್ನೂ ಕಿತ್ತಿಟ್ಟು ದೇವರ ಮುಂದೆ ಕೂರುತ್ತೇನೆ. "ಪುಕ್ಕಲಿ" ಎಂದು ಅವರು ನಗುತ್ತಾರೆ. ನಗಲಿ. ಹೆದರದವರ ಮನೆ ಇನ್ನೂ ನಿಂತಿದ್ದರೆ ಅದು ಆ ಮನೆಯಲ್ಲಿ ಹೆದರುವವರು ಒಬ್ಬರಾದರೂ ಇರುವುದರಿಂದ ಎಂದು ನಾನು ಅವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಹೊಳೆನರಸೀಪುರದಲ್ಲಿ ನಮ್ಮ ಮನೆ ಇರುವುದು ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ. ಬೇಸಿಗೆಯಲ್ಲಿ ಹೇಮಾವತಿ ಬಂಡೆಗಳ ಸಂದಿಯಲ್ಲಿ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಾಳೆ. ಮೇಲೆ ಗೊರೂರು ಅಣೆಕಟ್ಟು ತುಂಬಿತೆಂದರೆ ಮಾತ್ರ ಅವಳ ನಡಿಗೆ ಬದಲಾಗುತ್ತದೆ, ಥೇಟು ಅತ್ತೆಯ ನಡಿಗೆ. ಆಗ ಆಟೋಗೆ ಮೈಕು ಕಟ್ಟಿಕೊಂಡು, "ನದಿಯ ದಂಡೆಯಲ್ಲಿರುವ ಸಾರ್ವಜನಿಕರು ಎಚ್ಚರಿಕೆಯಿಂದಿರಬೇಕು" ಎಂದು ಸಾರಿಕೊಂಡು ಹೋಗುತ್ತಾರೆ. ನಾವು ಎಚ್ಚರಿಕೆಯಿಂದಿದ್ದೆವೋ ಇಲ್ಲವೋ, ನೀರು ಪ್ರತಿ ಸಲವೂ ನಮ್ಮ ಬೀದಿಯ ಕೆಳತುದಿಯನ್ನು ಮುಟ್ಟಿ ಹಿಂದಿರುಗಿದೆ. ಅವನ ದಯೆ. ಆದರೆ ದೇವರು ಪ್ರತಿ ವರ್ಷ ದಯೆ ತೋರಿಸುತ್ತಾನೆಂದು ನಾವು ಕೈಕಟ್ಟಿ ಕೂರುವುದು ಸರಿಯಲ್ಲ. ಅವನಿಗೂ ನಾಲ್ಕೂರು ನೋಡಿಕೊಳ್ಳುವುದಿರುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಮಹಿಳಾ ಸಂಘಕ್ಕೆ ಹಾಸನದಿಂದ ಒಬ್ಬಳು ಹುಡುಗಿ ಬಂದು, ಪ್ರವಾಹ ಬಂದರೆ ಜೀವ ಉಳಿಸಿಕೊಳ್ಳುವುದು ಹೇಗೆ ಎಂದು ತರಬೇತಿ ಕೊಟ್ಟಳು. ಉಳಿದವರೆಲ್ಲ ಬಂದದ್ದು ಕೊನೆಯಲ್ಲಿ ಕೊಡುವ ಕೇಸರಿಬಾತಿಗೆ. ನಾನು ಮಾತ್ರ ಮುಂದಿನ ಸಾಲಿನಲ್ಲಿ ಕುಳಿತೆ. "ದೇಹ ತಯಾರಿರಬೇಕು, ಮನಸ್ಸು ಅದಕ್ಕಿಂತ ಮೊದಲೇ ತಯಾರಿರಬೇಕು" ಎಂದಳು. "ಹೊರಡುವಾಗ ಮೊದಲು ಕೈಗೆ ತೆಗೆದುಕೊಳ್ಳೋದು ಏನು ಅಂತ ಇವತ್ತೇ ತೀರ್ಮಾನ ಮಾಡಿ. ಆ ಗಡಿಬಿಡೀಲಿ ತಲೆ ಓಡಲ್ಲ" ಎಂದಳು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ, ಮನೆಯೊಳಗೆ ನೀರು ಬರುತ್ತಿದೆ ಎಂದು ಭಾವಿಸಿಕೊಂಡು ಗಾಬರಿಯಾಗದೆ ಕೂರಬೇಕಂತೆ. ನಾನು ಕಣ್ಣು ಮುಚ್ಚಿದೆ. ನೀರು ಬಂತು. ಹೊಸಿಲು ದಾಟಿತು, ನಡುಮನೆಗೆ ಬಂತು. ಅಲ್ಲಿಯವರೆಗೂ ನಾನು ಕಲ್ಲಿನ ಹಾಗೆ ಕುಳಿತಿದ್ದೆ. ಅಡುಗೆಮನೆಗೆ ಬಂದು ರಾಗಿಹಿಟ್ಟಿನ ಡಬ್ಬಿ ತೇಲಿದಾಗ ಮಾತ್ರ "ಅಯ್ಯೋ, ಮೊನ್ನೆ ತಾನೇ ಮಿಲ್ ಮಾಡಿಸಿದ್ದು!" ಎಂದು ಕೂಗಿಬಿಟ್ಟೆ. ಪಕ್ಕದ ಮನೆಯ ಜಯಮ್ಮ ಕಣ್ಣು ಬಿಟ್ಟು, "ನಿಂದು ಎಷ್ಟ್ ಕೆಜಿ ಓಯ್ತಕ್ಕಾ?" ಎಂದು ಕೇಳಿದಳು.

ಅವಳು ಆಡಿಕೊಂಡರೂ ನಾನು ಬಿಡಲಿಲ್ಲ. ದಿನಾ ಬೆಳಿಗ್ಗೆ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ತಾರಸಿಯ ಮೆಟ್ಟಿಲು ಹತ್ತಿ ಇಳಿದೆ. ಮೊದಮೊದಲು ಅರ್ಧ ದಾರಿಯಲ್ಲೇ ಏದುಸಿರು; ಆಮೇಲಾಮೇಲೆ ವಿಷ್ಣುನಾಮ ಹೇಳಿಕೊಂಡು ಹತ್ತುವಷ್ಟು ಉಸಿರು ಉಳಿಯತೊಡಗಿತು. ಒಂದು ಚೀಲದಲ್ಲಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಬೆಂಕಿಪೊಟ್ಟಣ, ಟಾರ್ಚು, ಮಾತ್ರೆ, ಒಂದು ಡಬ್ಬಿ ಕೋಡುಬಳೆ ತುಂಬಿಸಿ ಮಂಚದ ಕೆಳಗಿಟ್ಟೆ. ವಾರ ಕಳೆದು ನೋಡಿದರೆ ಡಬ್ಬಿಯ ತಳದಲ್ಲಿ ಪುಡಿ. ನಮ್ಮೆಜಮಾನರನ್ನು ಕೇಳಿದೆ. ಅವರು ಸೊಸೈಟಿಯಲ್ಲಿ ಗುಮಾಸ್ತರು, ಯಾವುದಕ್ಕೂ ಸಮಜಾಯಿಷಿ ಇಟ್ಟುಕೊಂಡೇ ಇರುತ್ತಾರೆ.

"ಮೆತ್ತಗಾಗಿದ್ಯೇನೋ ಅಂತ ನೋಡಿದ್ನಪ್ಪ. ಅಂಥಾ ಹೊತ್ನಲ್ಲಿ ಮೆತ್ತಗಿನ ಕೋಡುಬಳೆ ತಿನ್ನೋಕಾಯ್ತದಾ?"

"ಒಂದು ತಿಂದ್ರೆ ಗೊತ್ತಾಗ್ತಿರಲಿಲ್ವಾ?"

"ಒಂದೊಂದೂ ನೋಡ್ಬೇಕಲ್ಲೇ."

ವಿಪತ್ತು ಬರುವ ಮೊದಲೇ ಬದುಕುಳಿಯಲು ಶುರು ಮಾಡಿದ್ದ ಗಂಡನನ್ನು ಕೊಟ್ಟದ್ದಕ್ಕೂ ದೇವರಿಗೆ ಕೈಮುಗಿದೆ. ಅವರ ವಿಷಯದಲ್ಲಿ ನನಗೆ ಚಿಂತೆಯಿರಲಿಲ್ಲ, ಚೀಲ ಹೋದ ಕಡೆ ಅವರು ಬಂದೇ ಬರುತ್ತಾರೆ. ಚಿಂತೆಯಿದ್ದದ್ದು ನಮ್ಮ ಅತ್ತೆಮ್ಮನದು.

ಅತ್ತೆಮ್ಮನಿಗೆ ಮಂಡಿನೋವು, ಕಣ್ಣಿನ ಪೊರೆ, ಇವೆರಡಕ್ಕಿಂತ ಗಟ್ಟಿಯಾದ ಹಟ. ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿ ಎಂದರೆ, "ನಾನೇನ್ ಪೊಲೀಸ್ ಕೆಲ್ಸಕ್ ಸೇರ್ಬೇಕಾ?" ಎನ್ನುತ್ತಿದ್ದರು. ಹೇಳಿ ಪ್ರಯೋಜನವಿಲ್ಲವೆಂದು ನಾನು ತಾರಸಿಯ ಮೇಲೆ ಸಂಡಿಗೆ ಇಡಲು ಶುರು ಮಾಡಿದೆ. ಇನ್ನೊಬ್ಬರು ಇಟ್ಟ ಸಂಡಿಗೆಯನ್ನು ನೋಡಿ ತಪ್ಪು ಹೇಳದೆ ಇರಲು ನಮ್ಮ ಕಡೆಯ ಯಾವ ಅತ್ತೆಯಿಂದಲೂ ಸಾಧ್ಯವಿಲ್ಲ. ಮೊದಲ ದಿನ ಮೆಟ್ಟಿಲ ಬುಡದಿಂದಲೇ, "ಹಿಟ್ಟು ನೀರಾಯ್ತೇನಮ್ಮಿ?" ಎಂದು ಕೂಗಿದರು. ನಾನು ಸಂಡಿಗೆ ಇಡುತ್ತಲೇ ಇದ್ದೆ. ಎರಡನೆಯ ದಿನ ಅರ್ಧ ಹತ್ತಿ ಇಣುಕಿದರು. ಮೂರನೆಯ ದಿನ ಮೇಲೆ ಬಂದು, "ಸಗಣಿ ತಟ್ದಂಗ್ ತಟ್ಟಿದ್ಯಲ್ಲಾ, ಎದ್ದೇಳ್ ಅತ್ಲಾಗೆ" ಎಂದು ತಾವೇ ಕುಳಿತರು. ಆಮೇಲೆ ದಿನಾ ಹತ್ತುವುದು, ಇಳಿಯುವುದು, ಕಾಗೆ ಓಡಿಸಲು ಮತ್ತೆ ಹತ್ತುವುದು. ಆ ಬೇಸಿಗೆ ನಮ್ಮ ಮನೆಯಲ್ಲಿ ಆದಷ್ಟು ಸಂಡಿಗೆ ಯಾವ ಮದುವೆಮನೆಯಲ್ಲೂ ಆಗಿರಲಾರದು. ಅತ್ತೆಮ್ಮನ ಮಂಡಿ ಸಡಿಲವಾಯಿತು. ತರಬೇತಿಯ ಹುಡುಗಿಗೂ ಹೊಳೆಯದ ಉಪಾಯ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ದೇಹ ತಯಾರಾಯಿತು ಸರಿ. ಮನಸ್ಸು? ಅತ್ತೆಮ್ಮ ಎಲ್ಲಿಗೆ ಹೋಗಬೇಕಾದರೂ ಮನೆಯ ದೇವರ ಹತ್ತಿರ ಹೂ ಕೇಳುತ್ತಾರೆ. ಮಗಳ ಮನೆ ಅರಕಲಗೂಡಿಗೆ ಹೋಗಲೂ ಕೇಳಬೇಕು, ಮಂಡಿಯ ಇಂಜೆಕ್ಷನ್ನಿಗೂ ಕೇಳಬೇಕು. ಪಂಚಲೋಹದ ಗೇಣುದ್ದದ ತಿಮ್ಮಪ್ಪ ಅವನು. ಬೆಳಗಿನ ಪೂಜೆಯಲ್ಲಿ ಅವನ ತಲೆಯ ಮೇಲಿಟ್ಟ ಹೂವಿಗೆ ಕೈಮುಗಿದು ಕೂರುವುದು. ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ, ಬೀಳದೇ ಇದ್ದರೆ ಕಾಯಬೇಕು. "ಹೊಳೆ ಬಂದ್ರೂ ಹೂ ಕೇಳ್ತೀರಾ ಅತ್ತೆಮ್ಮ?" ಎಂದು ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ.

"ಹೊಳೆ ಬಂದ್ರೇನೇ ಕೇಳ್ಬೇಕು ಕಣಮ್ಮಿ" ಎಂದರು.

ಆ ಮಾತಿನ ಹಿಂದೆ ಒಂದು ಕಥೆಯಿದೆ. ಶೆಟ್ಟಿಹಳ್ಳಿಯಲ್ಲಿ ನೀರೊಳಗೆ ನಿಂತಿರುವ ಇಗರ್ಜಿಯನ್ನು ನೋಡಲು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರಲ್ಲ, ಆ ಆಸುಪಾಸಿನದೇ ಅತ್ತೆಮ್ಮನ ತವರು. ಅಣೆಕಟ್ಟು ಕಟ್ಟಿದಾಗ ಊರಿಗೆ ಊರೇ ಮುಳುಗಿತು. ಇಗರ್ಜಿಗಾದರೂ ಗೋಡೆ ಉಳಿದಿದೆ, ಇವರ ಊರಿಗೆ ಅದೂ ಇಲ್ಲ. "ಲಾರಿ ಬಂದ್ ನಿಂತ್ಕತ್ತು. ಮಡಿಕೆ, ಒನಕೆ, ರಾಗಿಮೂಟೆ, ಕೋಳಿಪಂಜ್ರ ಎಲ್ಲಾ ಏರ್ಸುದ್ರು. ತಿಮ್ಮಪ್ಪನ್ನ ಮರ್ತೇಬುಟ್ಟಿದ್ರು. ನಾನು ಗೊಳೋ ಅಂತ ಅತ್ಮೇಲೆ ಅಪ್ಪ ಓಡೋಗಿ ತಂದು ಮೂಟೆ ಸಂದೀಲ್ ತುರುಕ್ಬುಟ್ಟ. ಹೂ ಕೇಳ್ಲಿಲ್ಲ, ಏನಿಲ್ಲ. ಕೋಳಿಪಂಜ್ರದ್ ಕೆಳ್ಗೆ ಬಂದ ಕಣಮ್ಮಿ ಅವ್ನು" ಎಂದರು ಅತ್ತೆಮ್ಮ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಆ ತಿಮ್ಮಪ್ಪ ಅತ್ತೆಮ್ಮನ ಜೊತೆಯಲ್ಲೇ ನಮ್ಮ ಮನೆಗೆ ಬಂದ. ಇನ್ನೊಂದು ಸಲ ಅವನನ್ನು ಕೇಳದೆ ಕದಲಿಸುವುದಿಲ್ಲ, ಅವನನ್ನು ಬಿಟ್ಟು ತಾವೂ ಕದಲುವುದಿಲ್ಲ ಎನ್ನುವುದು ಅವರ ಶಪಥ. ಸಂಡಿಗೆಯಿಂದ ಮಂಡಿ ಸಡಿಲ ಮಾಡಬಹುದು, ಇದಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ.

ಮಳೆಗಾಲ ಬಂತು. ಗೊರೂರು ತುಂಬಿದೆಯೆಂದು ಒಂದು ಬೆಳಿಗ್ಗೆ ಸುದ್ದಿ ಬಂತು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಮೈಕಿನ ಆಟೋವೂ ಬಂತು. ಈ ಸಲ "ಎಚ್ಚರಿಕೆಯಿಂದಿರಿ" ಅಲ್ಲ, "ಕೂಡಲೇ ಮೇಲಿನ ಕಲ್ಯಾಣ ಮಂಟಪಕ್ಕೆ ಹೊರಡಿ" ಎಂದಿತು. ನೀರು ಆಗಲೇ ಬೀದಿಯ ಕೆಳತುದಿಯನ್ನು ದಾಟಿ ಗಿರಣಿಯ ಮುಂದೆ ನಿಂತಿತ್ತು. ನಾನು ಗಾಬರಿಯಾಗಲಿಲ್ಲ, ಇದನ್ನು ಹೇಳಲೇಬೇಕು. ಗ್ಯಾಸ್ ಬಂದ್ ಮಾಡಿದೆ, ಮೇನ್ ಸ್ವಿಚ್ಚು ಇಳಿಸಿದೆ, ರಾಗಿಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ನಮ್ಮೆಜಮಾನರು ಸೊಸೈಟಿಯಿಂದ ಓಡಿ ಬಂದು ನೇರ ಚೀಲ ಎತ್ತಿಕೊಂಡರು. ಅತ್ತೆಮ್ಮ ಎಲ್ಲಿ ಎಂದು ನೋಡಿದರೆ ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿ ಕುಳಿತಿದ್ದಾರೆ.

"ಅವ್ವಾ, ಏಳವ್ವಾ, ನೀರು ಗಿರಣಿತಾವ್ ಬಂದದೆ" ಎಂದರು ಇವರು.

"ಹೂ ಆಗ್ಲಿ ತಡ್ಲಾ."

ಹೂ ಆಗಲಿಲ್ಲ. ತಿಮ್ಮಪ್ಪನ ತಲೆಯ ಮೇಲಿನ ಕಣಗಿಲೆ ಕಣ್ಣು ಮಿಟುಕಿಸದೆ ನಮ್ಮನ್ನೇ ನೋಡುತ್ತಿತ್ತು. ಜಯಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ಬರ್ತೀರೋ ಇಲ್ವೋ? ಆಮೇಲ್ ದೋಣಿ ತರ್ಸ್‌ಬೇಕಾಯ್ತದೆ" ಎಂದು ಕೂಗಿ ಹೊರಟುಹೋದಳು. ನಮ್ಮೆಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, "ಫ್ಯಾನ್ ಹಾಕ್ಲೇನೇ? ಅವ್ವಂಗ್ ಕಾಣ್ಸಲ್ಲ" ಎಂದರು. ನಾನು ಅವರನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಅಷ್ಟಕ್ಕೂ ಮೇನ್ ಸ್ವಿಚ್ಚು ಇಳಿಸಿದ್ದು ನಾನೇ. ಅವರು ಮೆಲ್ಲಗೆ ಊದುವುದಕ್ಕೆ ತುಟಿ ಮುಂದೆ ಮಾಡಿದರು. "ರೀ!" ಎಂದೆ. ತುಟಿ ಒಳಗೆ ಹೋಯಿತು.

ಮನಸ್ಸು ತಯಾರಿರಬೇಕು ಎಂದಿದ್ದಳಲ್ಲ, ನಾನೂ ಅತ್ತೆಮ್ಮನ ಪಕ್ಕದಲ್ಲಿ ಕುಳಿತೆ. "ಅಪ್ಪಾ ತಿಮ್ಮಪ್ಪ, ಒಂದು ಹೂ. ಬಲಕ್ಕೆ" ಎಂದು ಬೇಡುತ್ತಾ ಅವನನ್ನೇ ದಿಟ್ಟಿಸಿದೆ. ಆಗ ನೆನಪಾಯಿತು. ಹೂ ಬೀಳುವುದಾದರೂ ಹೇಗೆ? ಬೆಳಿಗ್ಗೆ ಅಣೆಕಟ್ಟಿನ ಸುದ್ದಿ ಕೇಳಿದ ಕೂಡಲೇ, ಪೂಜೆಯಾದ ಮೇಲೆ, ನಾನೇ ತಿಮ್ಮಪ್ಪನನ್ನು ಅವನ ಮಣೆಗೆ ಸೇರಿಸಿ ಬಿಗಿಯಾಗಿ ಕಟ್ಟಿದ್ದೆ, ಎತ್ತುವಾಗ ಜಾರದಿರಲಿ ಎಂದು. ತಲೆಯ ಮೇಲಿನಿಂದ ಎರಡು ಸುತ್ತು, ಪೂಜೆಯ ಹೂವಿನ ತೊಟ್ಟನ್ನೂ ಸೇರಿಸಿ. ಮೈಯನ್ನು ರೇಷ್ಮೆ ವಸ್ತ್ರ, ತಲೆಯನ್ನು ಹೂವಿನ ಎಸಳು ಮುಚ್ಚಿದ್ದರಿಂದ ಕಟ್ಟು ಕಾಣುತ್ತಿರಲಿಲ್ಲ. ದೇವರು ಕೊಡುವ ಮನಸ್ಸು ಮಾಡಿದ್ದರೂ ಅವನಿಗೆ ಕೈಯಾಡುವ ಹಾಗಿರಲಿಲ್ಲ. ಇಷ್ಟು ಹೊತ್ತು ಅವನು ನನ್ನ ಮುಂಜಾಗ್ರತೆಯೊಳಗೆ ಸಿಕ್ಕಿಕೊಂಡು ಕುಳಿತಿದ್ದ.

ಮೆಲ್ಲಗೆ ಕಟ್ಟು ಸಡಿಲಿಸಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ದೇವರ ಮುಂದೆ ಕುಳಿತು ದೇವರ ಹೆಸರಲ್ಲಿ ಮೋಸ ಮಾಡಿದರೆ ಆಮೇಲೆ ಯಾವ ಮಂಟಪಕ್ಕೆ ಹೋಗಿ ಬದುಕುವುದು? "ಅತ್ತೆಮ್ಮ, ಹೂ ಬೀಳಲ್ಲ. ನಾನೇ ಕಟ್ಟಿದೀನಿ" ಎಂದು ವಸ್ತ್ರ ಸರಿಸಿದೆ.

ಅತ್ತೆಮ್ಮ ಕಣ್ಣು ಬಿಟ್ಟರು. ಬಗ್ಗಿ, ಪೊರೆ ಬಂದ ಕಣ್ಣನ್ನು ತಿಮ್ಮಪ್ಪನ ಮೂಗಿನ ಹತ್ತಿರ ತಂದು ನೋಡಿದರು. ಬೆರಳಿನಿಂದ ಕಟ್ಟನ್ನು ತಡವಿದರು. "ಏನಮ್ಮೀ ಇದು? ಲಂಗದ್ ಲಾಡಿ!"

"ಹೊಸದು ಅತ್ತೆಮ್ಮ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದೀನಿ."

"ಯಾವಾಗ್ ಕಟ್ದೆ?"

"ಬೆಳಿಗ್ಗೆ. ಮೊದಲು ತಗೊಂಡು ಹೋಗೋದು ಯಾವುದು ಅಂತ ತೀರ್ಮಾನ ಮಾಡ್ಕೊಂಡಿರ್ಬೇಕು ಅಂದಿದ್ರು. ಅದಕ್ಕೆ ಇವನನ್ನೇ ಮೊದಲು ಕಟ್ಟಿದೆ."

"ಪಾತ್ರೆ ಪಗಡೆಗಿಂತ್ಲೂ ಮೊದ್ಲು?"

"ಪಾತ್ರೆ ಇನ್ನೂ ಮುಟ್ಟೇ ಇಲ್ಲ, ಅತ್ತೆಮ್ಮ."

ಅತ್ತೆಮ್ಮ ಕಟ್ಟಿನ ಮೇಲಿಂದ ಬೆರಳು ತೆಗೆದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ತಿಮ್ಮಪ್ಪನನ್ನೇ ಗದರಿಸಿದರು. "ಬೆಳಗಿಂದ ಗಂಟು ಕಟ್ಟಿಸ್ಕಂಡು ಓಗಕ್ಕೆ ರೆಡಿಯಾಗ್ ಕುಂತಿದ್ದೀಯ, ನಂಗೊಂದ್ ಮಾತ್ ಹೇಳ್ಬಾರ್ದಾ? ನಾನಿಲ್ಲಿ ಕಣ್ಮುಚ್ಕಂಡ್ ಕುಂತಿವ್ನಿ!" ಎಂದು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. "ನೋಡ್ತಾ ನಿಂತ್ಕಬ್ಯಾಡ ಕಣ್ಲಾ, ನಡಿ. ದೇವ್ರು ಮೊದ್ಲು, ನೀನ್ ಆಮೇಲೆ" ಎಂದು ಮಗನನ್ನೂ ಗದರಿಸಿದರು.

ತಿಮ್ಮಪ್ಪನನ್ನು ಮಣೆಯ ಸಮೇತ ನಾನು ಎತ್ತಿಕೊಂಡೆ. ಕೊಡ ಹೊತ್ತು ಪಳಗಿದ ಸೊಂಟ, ಭಾರವೆನಿಸಲಿಲ್ಲ. ಏರು ಹತ್ತುವಾಗ ಹಿಂದೆ ಏದುಸಿರು ಕೇಳಿ ಅತ್ತೆಮ್ಮನೇನೋ ಎಂದು ತಿರುಗಿದರೆ ಅದು ನಮ್ಮೆಜಮಾನರದು. ಅತ್ತೆಮ್ಮ ನನಗಿಂತ ಮುಂದೆ, ಮಂಟಪದ ಮೆಟ್ಟಿಲ ಮೇಲೆ ನಿಂತಿದ್ದರು. ಅಲ್ಲಿ ಸೇರಿದ್ದ ಹೆಂಗಸರಿಗೆಲ್ಲ, "ನಿಮ್ ಮನೆ ದೇವ್ರು ಹೆಂಗ್ ಬಂದ? ಬ್ಯಾಗಲ್ಲಾ? ನಮ್ಮವ್ನು ಮಣೆ ಮೇಲ್ ಕುಂತ್ಕಂಡ್ ಬಂದ, ನನ್ ಸೊಸೆ ಸೊಂಟದ್ ಮೇಲೆ" ಎಂದು ಹೇಳುತ್ತಿದ್ದರು. ಅತ್ತೆಯ ಬಾಯಲ್ಲಿ ನಾಲ್ಕು ಜನರ ಮುಂದೆ ಇಂಥ ಮಾತು ಕೇಳುವ ಪುಣ್ಯ ಎಲ್ಲ ಸೊಸೆಯರಿಗೂ ಸಿಗುವುದಿಲ್ಲ. ನಾನು ಕೇಳಿಸದವಳ ಹಾಗೆ ಇನ್ನೊಂದು ಸಲ ಆ ಕಡೆಯಿಂದಲೇ ಹಾದು ಬಂದೆ.

ನೀರು ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂದು, ಮಾರನೆಯ ದಿನ ಇಳಿಯಿತು. "ಇಷ್ಟಕ್ಕೆ ಅಷ್ಟೆಲ್ಲ ಮಾಡಿದ್ದಾ?" ಎಂದರು ನಮ್ಮೆಜಮಾನರು. ನಾವು ತಯಾರಿದ್ದೇವೆಂದು ಗೊತ್ತಾಗಿಯೇ ಅದು ಒಳಗೆ ಬರಲಿಲ್ಲ ಎಂದೆ. ತಿಮ್ಮಪ್ಪನನ್ನು ಅವನ ಜಾಗದಲ್ಲಿ ಕೂರಿಸಿದೆವು. ಆದರೆ ಮಳೆಯಲ್ಲಿ ನೆನೆದ ಲಾಡಿಯ ಗಂಟು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ. ದೇವರಿಗೆ ಕಟ್ಟಿದ್ದಕ್ಕೆ ಕತ್ತರಿ ಹಾಕಬಾರದೆಂದು ಅತ್ತೆಮ್ಮನ ಅಪ್ಪಣೆ. ಹಾಗಾಗಿ ಅವನು ಈಗಲೂ ಅರಿಶಿನದ ಲಾಡಿ ಸುತ್ತಿಕೊಂಡು, ಯಾವಾಗ ಬೇಕಾದರೂ ಹೊರಡುವವನ ಹಾಗೆ ಕುಳಿತಿದ್ದಾನೆ.

ಲಾಡಿಗೆ ಸಿಕ್ಕಿಸಿದ ಹೂ ಇನ್ನು ಬೀಳುವ ಹಾಗಿಲ್ಲ. ಇದರಿಂದ ಆದದ್ದೇನೆಂದರೆ, "ನೀನೇ ಅವ್ನನ್ ಕಟ್ಟಾಕಿದ್ದೀಯ, ನಿನ್ನೇ ಕೇಳ್ಬೇಕು" ಎಂದು ಅತ್ತೆಮ್ಮ ಈಗ ಅಪ್ಪಣೆಯನ್ನು ನನ್ನ ಹತ್ತಿರ ಕೇಳುತ್ತಾರೆ. ಮೊನ್ನೆ ಅರಕಲಗೂಡಿಗೆ ಹೋಗಬೇಕಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಓಗ್ಬರ್ಲೇನಮ್ಮಿ?" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಸಾಕ್ಷಾತ್ ತಿಮ್ಮಪ್ಪನ ಗಾಂಭೀರ್ಯದಲ್ಲಿ, "ಹೋಗ್ಬನ್ನಿ ಅತ್ತೆಮ್ಮ" ಎಂದೆ. ಅವರು ಹೊರಡಲಿಲ್ಲ. ನನ್ನ ಕೈಯನ್ನೇ ನೋಡಿದರು.

"ಸೌಟು ಎಡಗೈಲೈತೆ. ನಾಳೆ ಕೇಳ್ತೀನಿ ಬುಡು" ಎಂದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಎಡಗೈಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು, ಒಂದೇ ಕೈಯಲ್ಲಿ ರೊಟ್ಟಿ ತಟ್ಟುತ್ತಾ, ಅವರು ಬಂದು ಕೇಳಲಿ ಎಂದು ಕಾಯುತ್ತಿದ್ದೆ.